ಬಾರದ ಬೆಳಕಿನ ಲೆಕ್ಕ

ನಮ್ಮ ಕಡೆಯ ರೈತನಿಗೆ ನಕ್ಷತ್ರವೆಂದರೆ ಮಳೆ. ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಅವನು ತಲೆಯೆತ್ತಿ ಆಕಾಶದಲ್ಲಿ ಚುಕ್ಕೆಗಳನ್ನು ಹುಡುಕುವುದಿಲ್ಲ. ಗದ್ದೆಯ ಬದುವಿನ ಕಡೆಗೆ ನೋಡುತ್ತಾನೆ. ಇದರಲ್ಲಿ ಒಂದು ಸ್ವಾರಸ್ಯವುಂಟು. ಪುಷ್ಯ ಮಳೆಯೆಂದರೆ ಸೂರ್ಯನು ಪುಷ್ಯ ನಕ್ಷತ್ರದಲ್ಲಿರುವ ಕಾಲದ ಮಳೆ. ಸೂರ್ಯನು ಅಲ್ಲಿರುವಾಗ ಆ ನಕ್ಷತ್ರ ಅವನೊಡನೆಯೇ ಹುಟ್ಟಿ ಅವನೊಡನೆಯೇ ಮುಳುಗುತ್ತದೆ. ಮೋಡವೇ ಇಲ್ಲದಿದ್ದರೂ ಅದು ಕಾಣುವಂತಿಲ್ಲ. ಎಂದರೆ, ಯಾವ ನಕ್ಷತ್ರದ ಹೆಸರನ್ನು ಊರಿಗೆ ಊರೇ ಎರಡು ವಾರ ಜಪಿಸುತ್ತದೆಯೋ, ಆ ಎರಡು ವಾರವೂ ಅದನ್ನು ಭೂಮಿಯ ಮೇಲೆ ಯಾರೂ ನೋಡಲಾರರು.

ಪಂಚಾಂಗ ನೋಡುವ ಮನೆಯಲ್ಲಿ ಬೆಳೆದ ನನಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ಅದಕ್ಕೊಂದು ಬೆಲೆ ಬಂದದ್ದು ನನ್ನ ತಂಗಿಯ ಮಗಳಿಂದ. ಭೌತವಿಜ್ಞಾನ ಓದುತ್ತಿರುವ ಹುಡುಗಿ; ಭಾನುವಾರ ಊಟಕ್ಕೆ ಬಂದವಳು ಹುಳಿಯನ್ನ ಕಲಸುತ್ತ, "ಮಾವ, ನಿಮ್ಮ ಪುಷ್ಯದ ಪಕ್ಕದಲ್ಲೇ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ ಇವೆಯಂತೆ. ಹನ್ನೆರಡು ವರ್ಷಕ್ಕೆ ಎರಡು ಸಲ ಭುಗಿಲ್ ಅಂತ ಹತ್ತಿಕೊಳ್ಳುತ್ತಂತೆ, ಗೊತ್ತಾ?" ಎಂದಳು. ನನ್ನ ಹೆಂಡತಿ, "ಅದನ್ನೂ ಇವರು ಡೈರಿಯಲ್ಲಿ ಬರೆದಿಟ್ಟುಕೊಳ್ಳಲಿ" ಎಂದು ತುಪ್ಪದ ಮಿಳ್ಳೆಯನ್ನು ಮುಂದೆ ಸರಿಸಿದಳು. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಲೆಕ್ಕ ತಪಾಸಣೆಯಲ್ಲಿ ಕಳೆದವನು. ಬರೆದಿಡುವ ಚಟ ನಿವೃತ್ತಿಯಾದ ಮಾತ್ರಕ್ಕೆ ಬಿಡುವುದಿಲ್ಲ. ಹಾಗಾಗಿ ಅದನ್ನೂ ಬರೆದುಕೊಂಡೆ.

ಆ ವಸ್ತುವಿನ ಹೆಸರು ಓಜೆ 287. ಮಾಘಮಾಸದ ರಾತ್ರಿ ನೆತ್ತಿಯ ಸಮೀಪಕ್ಕೆ ಬರುವ ಪುಷ್ಯವನ್ನು ಬೈನಾಕ್ಯುಲರಿನಿಂದ ನೋಡಿದರೆ ಜೇನುಹುಳುಗಳ ಹಿಂಡಿನಂಥ ಒಂದು ನಕ್ಷತ್ರಗುಚ್ಛ ಕಾಣುತ್ತದೆ. ಅಲ್ಲಿಂದ ಪೂರ್ವಕ್ಕೆ, ಏಳು ಹುಣ್ಣಿಮೆಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿ ಓಜೆ 287 ಇದೆ. ಮಹಡಿಯ ಮೇಲೆ ನಿಂತು ನಾನೂ ನೋಡಿದೆ. ಕಂಡದ್ದು ಬರಿಯ ಕತ್ತಲೆ. ಕಾಣುವ ಮಾತೂ ಇರಲಿಲ್ಲ. ಬರಿಗಣ್ಣಿಗೆ ಎಟಕುವ ಅತಿ ಮಂದ ನಕ್ಷತ್ರಕ್ಕಿಂತ ಅದು ಸಾವಿರಾರು ಪಟ್ಟು ಮಂದ. ಆದರೆ ಈ ಮಂದತೆಗೆ ದೂರ ಕಾರಣವೇ ಹೊರತು ಬಡತನವಲ್ಲ. ಅದರ ಬೆಳಕು ನಮ್ಮನ್ನು ಸೇರಲು ಸುಮಾರು 350 ಕೋಟಿ ವರ್ಷ ಬೇಕು. ಈ ರಾತ್ರಿ ಬಂದು ಮುಟ್ಟುವ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಇದ್ದ ಜೀವವೆಂದರೆ ಏಕಕೋಶದ ಅಣುಜೀವಿಗಳು ಮಾತ್ರ.

ಕಪ್ಪುಕುಳಿಯೆಂದರೆ ಬೆಳಕನ್ನೂ ಬಿಟ್ಟುಕೊಡದ ವಸ್ತು ಎಂಬುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಅದನ್ನು ಅರಿಯಬೇಕಾದರೆ ಅದರ ಸುತ್ತ ಆಗುವ ಗಲಾಟೆಯಿಂದ ಅರಿಯಬೇಕು. ನಮ್ಮ ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಪ್ಪುಕುಳಿಯನ್ನು ಕಲಕಿದರೆ ಅದು ಬಡಿದ ಗಂಟೆಯಂತೆ ಮಿಡಿದು ಮೆಲ್ಲಗೆ ಶಾಂತವಾಗುತ್ತದೆಂದು ಲೆಕ್ಕಹಾಕಿ ತೋರಿಸಿದರು. ದೊಡ್ಡ ಗ್ಯಾಲಕ್ಸಿಗಳ ನಡುವೆ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಸೂರ್ಯರ ತೂಕವುಳ್ಳ ಕಪ್ಪುಕುಳಿಗಳು ಕುಳಿತಿರುತ್ತವೆ. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಬೆರೆತರೆ ಅವೆರಡರ ಕಪ್ಪುಕುಳಿಗಳೂ ಒಂದೇ ಮನೆಯ ಪಾಲಾಗಿ ಒಂದನ್ನೊಂದು ಸುತ್ತತೊಡಗಬೇಕು. ಹಾಗೆ ಸುತ್ತುವ ಜೋಡಿ ಇದೆಯೆ, ಇದ್ದರೆ ಹೇಗೆ ತಿಳಿಯುವುದು ಎಂಬುದೇ ಓಜೆ 287ರ ಕಥೆ.

ಹೆಸರಿನಲ್ಲಿ ಒಂದು ಗುಟ್ಟಿದೆ. 'ಓ' ಎಂದರೆ ಅಮೆರಿಕದ ಓಹಾಯೊ. ಅಲ್ಲಿನ ವಿಶ್ವವಿದ್ಯಾನಿಲಯದ ರೇಡಿಯೊ ದೂರದರ್ಶಕ ತಯಾರಿಸಿದ ಪಟ್ಟಿಯಲ್ಲಿ ಇದು ಸೇರಿತ್ತು. ಉಳಿದ ಅಕ್ಷರವೂ ಅಂಕಿಗಳೂ ಆಕಾಶದಲ್ಲಿ ಅದರ ವಿಳಾಸ. ಆ ದೂರದರ್ಶಕವನ್ನು 1998ರಲ್ಲಿ ಕೆಡವಿಹಾಕಿದರು. ಗಾಲ್ಫ್ ಮೈದಾನ ವಿಸ್ತರಿಸುವುದಕ್ಕೆ ಆ ನೆಲ ಬೇಕಾಗಿತ್ತಂತೆ. ಯಂತ್ರ ಹೋಯಿತು, ಪಟ್ಟಿ ಉಳಿಯಿತು. ಕಡತಗಳನ್ನು ಪ್ರೀತಿಸುವವನಿಗೆ ಇದೊಂದು ಸಮಾಧಾನ.

ಇನ್ನೂ ದೊಡ್ಡ ಸಮಾಧಾನ ಮುಂದಿದೆ. ಓಜೆ 287 ಇರುವುದು ಸೂರ್ಯ, ಚಂದ್ರ, ಗ್ರಹಗಳೆಲ್ಲ ಓಡಾಡುವ ಹೆದ್ದಾರಿಯ ಅಂಚಿನಲ್ಲಿ. ಕ್ಷುದ್ರಗ್ರಹಗಳನ್ನೋ ಇನ್ನಾವುದನ್ನೋ ಹುಡುಕುತ್ತ ಹಿಂದಿನವರು ಆ ದಾರಿಯನ್ನು ಮತ್ತೆ ಮತ್ತೆ ಗಾಜಿನ ಫಲಕಗಳ ಮೇಲೆ ಫೋಟೋ ತೆಗೆದರು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯವೊಂದರಲ್ಲೇ ಅಂಥ ಫಲಕಗಳು 5 ಲಕ್ಷಕ್ಕೂ ಹೆಚ್ಚು. 19ನೆಯ ಶತಮಾನದ ಕೊನೆಯಿಂದಲೂ ಈ ಮಂದ ಚುಕ್ಕೆ ಫಲಕಗಳ ಮೂಲೆಯಲ್ಲಿ ಕರೆಯದೆ ಬಂದ ನೆಂಟನಂತೆ ಕುಳಿತಿತ್ತು. ಫೋಟೋ ತೆಗೆದವರಾರೂ ಅದಕ್ಕಾಗಿ ತೆಗೆದವರಲ್ಲ. ಅದೊಂದು ಹೆಸರಿಲ್ಲದ ಚುಕ್ಕೆ. 'ಕಪ್ಪುಕುಳಿ' ಎಂಬ ಮಾತೇ ಆಗ ಹುಟ್ಟಿರಲಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ತಂದೆಯವರ ಮಳೆಯ ಪುಸ್ತಕ. ಕೊಪ್ಪದ ಕಡೆಯ ಹಳ್ಳಿಯಲ್ಲಿ ಅವರು ಮೇಷ್ಟರಾಗಿದ್ದರು. ಅಂಗಳದಲ್ಲಿ ಒಂದು ಮಳೆಮಾಪಕ. ದಿನವೂ ಬೆಳಗ್ಗೆ ಎಂಟೂವರೆಗೆ, ಗೊರಬು ಸೂಡಿಕೊಂಡೋ ಕೊಡೆ ಹಿಡಿದೋ ಹೋಗಿ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆಯುವರು. 1957ರಿಂದ 1989ರವರೆಗೆ ಹಾಗೆ ಬರೆದರು. ತಲೆಬರಹ ಇಂಗ್ಲಿಷ್ ತಿಂಗಳಲ್ಲ. ಪುನರ್ವಸು, ಪುಷ್ಯ, ಆಶ್ಲೇಷ. ಮಾಘ ಫಾಲ್ಗುಣಗಳಲ್ಲಿ ಹನಿ ಬೀಳದ ದಿನಗಳಲ್ಲೂ ಅವರು ಮಾಪಕದ ಬಳಿಗೆ ಹೋಗಿ ಬಗ್ಗಿ ನೋಡಿ, ಬಂದು ಒಂದು ಸೊನ್ನೆ ಸುತ್ತುವರು. "ಒಣ ಬಿಸಿಲಿನಲ್ಲಿ ಏನು ನೋಡ್ತೀರಿ ಮೇಷ್ಟ್ರೆ?" ಎಂದು ದಾರಿಹೋಕರು ನಗುತ್ತಿದ್ದರು. "ಬರಲಿಲ್ಲ ಅಂತ ಬರೆಯೋದಕ್ಕೂ ಒಬ್ಬ ಬೇಕಲ್ಲಪ್ಪ" ಎಂದು ಅವರೂ ನಗುತ್ತಿದ್ದರು.

ಫಿನ್ಲೆಂಡಿನ ಖಗೋಳಜ್ಞ ಐಮೊ ಸಿಲನ್‌ಪ್ಯಾ ಮತ್ತು ಅವರ ಸಂಗಡಿಗರು ಹಳೆಯ ಫಲಕಗಳಿಂದ ಈ ಚುಕ್ಕೆಯ ಪ್ರಕಾಶದ ಏರಿಳಿತಗಳನ್ನು ಒಟ್ಟುಗೂಡಿಸಿ 1988ರಲ್ಲಿ ಪ್ರಕಟಿಸಿದರು. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಅದು ಭುಗಿಲೇಳುವುದು ಅದರಲ್ಲಿ ಕಂಡಿತು. ಇದಕ್ಕೆ ಜೋಡಿ ಕಪ್ಪುಕುಳಿ ಕಾರಣವಿರಬಹುದೆಂದೂ ಮುಂದಿನ ಭುಗಿಲು 1994ರಲ್ಲೆಂದೂ ಅವರು ಹೇಳಿದರು. 1994ರಲ್ಲಿ ನಾನಾ ದೇಶದವರು ದೂರದರ್ಶಕಗಳನ್ನು ಅತ್ತ ತಿರುಗಿಸಿ ಕಾದರು, ಬೆಳಕು ಬಂದಿತು. ಹನ್ನೆರಡು ವರ್ಷ ಎಂದರೆ ನಮಗೆ ಪರಿಚಯದ ಲೆಕ್ಕ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೂ ಹನ್ನೆರಡು ವರ್ಷಕ್ಕೆಂದು ಹೇಳುತ್ತೇವೆ; ಆದರೂ ಅದು ನಡೆದದ್ದು 1967, 1981, 1993, 2006, 2018ರಲ್ಲಿ. ಓಜೆ 287ರ ಹನ್ನೆರಡೂ ಹಾಗೆಯೇ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ. ಹಿಂದೆ ಮುಂದೆ ಆಗುವುದೇಕೆ ಎಂಬುದರಲ್ಲೇ ವಿಜ್ಞಾನದ ಸೊಗಸೆಲ್ಲ ಅಡಗಿತ್ತು.

ಫಿನ್ಲೆಂಡಿನವರೇ ಆದ ಮೌರಿ ವಾಲ್ಟೊನೆನ್ ಮತ್ತು ಅವರ ಜೊತೆಗಾರರು ಕಟ್ಟಿದ ಚಿತ್ರ ಹೀಗಿದೆ. ನಡುವೆ 1800 ಕೋಟಿ ಸೂರ್ಯರ ತೂಕದ ಒಂದು ದೈತ್ಯ. ಅದರ ಬಾಯಿಯ ಅಂಚು ನಡುವಿನಿಂದ ಎಷ್ಟು ದೂರವೆಂದರೆ, ಸೂರ್ಯನಿಂದ ನೆಪ್ಚೂನಿಗಿರುವ ದೂರದ ಹನ್ನೆರಡು ಪಟ್ಟು. ದೈತ್ಯನ ಸುತ್ತ ಬಿಸಿ ಅನಿಲದ ಒಂದು ವಿಶಾಲವಾದ ತಟ್ಟೆ ತಿರುಗುತ್ತಿದೆ. 15 ಕೋಟಿ ಸೂರ್ಯರ ತೂಕದ ಇನ್ನೊಂದು ಕಪ್ಪುಕುಳಿ ಮೊಟ್ಟೆಯಾಕಾರದ, ವಾಲಿದ ಹಾದಿಯಲ್ಲಿ ಅದನ್ನು ಸುತ್ತುತ್ತದೆ. ದೋಸೆಯನ್ನು ಬೆರಳಿನಿಂದ ತೂತು ಮಾಡಿದಂತೆ ಸುತ್ತಿಗೆರಡು ಬಾರಿ ಆ ತಟ್ಟೆಯನ್ನು ತೂರಿ ಹೋಗುತ್ತದೆ. ತೂರಿದ ಕಡೆಯಿಂದ ಕುದಿಯುವ ಅನಿಲ ಗುಳ್ಳೆಯಾಗಿ ಹೊರಚಿಮ್ಮಿ, ಉಬ್ಬಿ, ಬೆಳಗುತ್ತದೆ. ಅದೇ ಭುಗಿಲು. ಆಗ ಹೊಮ್ಮುವ ಬೆಳಕು ಲಕ್ಷ ಕೋಟಿ ನಕ್ಷತ್ರಗಳ ಬೆಳಕನ್ನೂ ಮೀರುವುದಂತೆ.

ಆ ಹಾದಿಯೂ ಇದ್ದಲ್ಲಿ ಇರುವುದಿಲ್ಲ. ಬುಧಗ್ರಹದ ಹಾದಿ ನ್ಯೂಟನ್ನನ ಲೆಕ್ಕವನ್ನು ಮೀರಿ ಶತಮಾನಕ್ಕೆ ಕೇವಲ 43 ವಿಕಲೆಯಷ್ಟು ಹೊರಳುವುದು ಒಂದು ಕಾಲಕ್ಕೆ ದೊಡ್ಡ ಸಮಸ್ಯೆಯಾಗಿತ್ತು. ಅದನ್ನು ಬಿಡಿಸಿದ್ದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ. ಈ ಚಿತ್ರ ನಿಜವಾದರೆ ಇಲ್ಲಿ ಹಾದಿ ಒಂದೇ ಸುತ್ತಿಗೆ 38 ಡಿಗ್ರಿಗಿಂತಲೂ ಹೆಚ್ಚು ಹೊರಳುತ್ತದೆ. ಅದರಿಂದಲೇ ಎರಡು ಭುಗಿಲುಗಳ ನಡುವಿನ ಅಂತರ ಒಮ್ಮೆ ಒಂದು ವರ್ಷ, ಇನ್ನೊಮ್ಮೆ ಹತ್ತು ವರ್ಷ. ಅದಲ್ಲದೆ ಜೋಡಿಯು ಗುರುತ್ವದ ಅಲೆಗಳನ್ನು ಹೊರಸೂಸುತ್ತ ಶಕ್ತಿ ಕಳೆದುಕೊಂಡು ಒಂದಿಷ್ಟೊಂದಿಷ್ಟು ಹತ್ತಿರವಾಗುತ್ತಿರಬೇಕು. ಇದನ್ನೂ ಸೇರಿಸಿ ಅವರು 2007ರ ಸೆಪ್ಟೆಂಬರ್ 13ಕ್ಕೆ ಭುಗಿಲೆಂದು ಹೇಳಿದರು. ಗುರುತ್ವದ ಅಲೆಗಳನ್ನು ಬಿಟ್ಟು ಲೆಕ್ಕಹಾಕಿದ್ದರೆ ಅದು ಇಪ್ಪತ್ತು ದಿನ ತಡವಾಗಬೇಕಿತ್ತು. ಬೆಳಕು ಸೆಪ್ಟೆಂಬರ್ 13ಕ್ಕೇ ಬಂದಿತು. ಗುರುತ್ವದ ಅಲೆಗಳನ್ನು ಭೂಮಿಯ ಮೇಲೆ ನೇರವಾಗಿ ಹಿಡಿದದ್ದು 2015ರಲ್ಲಿ ಎಂಬುದನ್ನು ನೆನೆದರೆ ಈ ಇಪ್ಪತ್ತು ದಿನದ ಬೆಲೆ ತಿಳಿಯುತ್ತದೆ.

2015ರ ಕೊನೆಯ ಭುಗಿಲನ್ನೂ ಹಾಗೆಯೇ ಕಾದು ಹಿಡಿದರು. ಅದು ಸಾಪೇಕ್ಷತಾ ಸಿದ್ಧಾಂತಕ್ಕೆ ನೂರು ತುಂಬಿದ ವರ್ಷ. ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಲಂಕೇಶ್ವರ ಡೇ, ಎ. ಗೋಪಕುಮಾರ್ ಮೊದಲಾದವರು ಫಿನ್ಲೆಂಡಿನವರ ಜೊತೆಗೂಡಿ ಲೆಕ್ಕವನ್ನು ಇನ್ನೂ ಬಿಗಿಗೊಳಿಸಿ, ಮುಂದಿನದು 2019ರ ಜುಲೈ 31 ಎಂದರು.

ಜುಲೈ 31! ಪಂಚಾಂಗ ಬಲ್ಲ ಯಾರೇ ಆಗಲಿ ಇಲ್ಲಿ ಹುಬ್ಬೇರಿಸಬೇಕು. ಅದು ಪುಷ್ಯ ಮಳೆಯ ಕೊನೆಯ ದಿನಗಳು. ಸೂರ್ಯನು ಓಜೆ 287ರ ಮಗ್ಗುಲಲ್ಲೇ ನಿಂತಿರುತ್ತಾನೆ. ಬೆಂಗಳೂರಿನಲ್ಲಿ ಮೋಡವಿರಲಿ, ಫಿನ್ಲೆಂಡಿನಲ್ಲಿ ಬಿಸಿಲಿರಲಿ, ಭೂಮಿಯ ಯಾವ ದೂರದರ್ಶಕಕ್ಕೂ ಅದು ಕಾಣದು. ನೂರು ವರ್ಷದ ಫಲಕಗಳನ್ನು ಕೂಡಿಸಿ ಕಳೆದು ಕಂಡುಹಿಡಿದ ಮುಹೂರ್ತಕ್ಕೆ ಸರಿಯಾಗಿ ಕಣ್ಣಿಗೆ ಬಟ್ಟೆ!

ಆದರೆ ಒಂದು ಕಣ್ಣು ಭೂಮಿಯಿಂದ ದೂರದಲ್ಲಿತ್ತು. 2003ರಲ್ಲಿ ಹಾರಿಸಿದ ಸ್ಪಿಟ್ಜರ್ ಎಂಬ ಅಮೆರಿಕದ ದೂರದರ್ಶಕ ಸೂರ್ಯನನ್ನು ಸುತ್ತುತ್ತ, ವರ್ಷ ವರ್ಷಕ್ಕೆ ಭೂಮಿಗಿಂತ ಹಿಂದೆ ಬೀಳುತ್ತ, ಸುಮಾರು 25 ಕೋಟಿ ಕಿಲೋಮೀಟರ್ ಆಚೆಗೆ ಹೋಗಿತ್ತು. ಅದರ ತಂಪುದ್ರವ 2009ರಲ್ಲೇ ಮುಗಿದಿತ್ತು. ಅದನ್ನು ನಿಲ್ಲಿಸುವ ಮಾತೂ ಆಗಲೇ ನಡೆದಿತ್ತು. ಅದಿದ್ದ ಜಾಗದಿಂದ ಓಜೆ 287 ಎಂದು ಕಾಣತೊಡಗುತ್ತದೆಂದು ಆ ದೂರದರ್ಶಕದ ವಿಜ್ಞಾನಿ ಸೆಪ್ಪೊ ಲೈನೆ ಲೆಕ್ಕಹಾಕಿ ನೋಡಿದರು. ಜುಲೈ 31! ಭುಗಿಲಿಗೆ ಗೊತ್ತಾದ ದಿನವೇ ಆ ಕಿಟಕಿ ತೆರೆಯುವುದಿತ್ತು. ಕಾದರು. ಹೇಳಿದ ಹೊತ್ತಿಗೂ ಬಂದ ಹೊತ್ತಿಗೂ ನಾಲ್ಕು ಗಂಟೆಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. 350 ಕೋಟಿ ವರ್ಷ ನಡೆದು ಬಂದ ಅತಿಥಿ ನಾಲ್ಕು ಗಂಟೆಯೊಳಗೆ ಬಾಗಿಲು ತಟ್ಟಿದರೆ, ನಮ್ಮ ರೈಲುಗಳನ್ನು ಬಲ್ಲವರು ಏನು ಹೇಳಿಯಾರು? ಆರು ತಿಂಗಳ ಬಳಿಕ, 2020ರ ಜನವರಿ 30ರಂದು, ಸ್ಪಿಟ್ಜರನ್ನು ನಿಲ್ಲಿಸಿಬಿಟ್ಟರು.

ಇಲ್ಲಿಗೇ ಮುಗಿಸಿದ್ದರೆ ಕಥೆ ಹರಿಕಥೆಯಂತೆ ಮಂಗಳದೊಡನೆ ಮುಗಿಯುತ್ತಿತ್ತು. ಆದರೆ ಲೆಕ್ಕದ ಪುಸ್ತಕ ಹರಿಕಥೆಯಲ್ಲ.

ಮುಂದಿನ ಸರದಿ 2022. ಲೆಕ್ಕವನ್ನು ತಿದ್ದಿ, ಭುಗಿಲು ಅಕ್ಟೋಬರದಲ್ಲಿ ಬರುವುದೆಂದು ವಾಲ್ಟೊನೆನ್ ತಂಡ ಹೇಳಿತು. ಜರ್ಮನಿಯ ಬಾನ್ ನಗರದಲ್ಲಿರುವ ಮಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ಟೆಫನಿ ಕೊಮೊಸಾ ಅವರು ವರ್ಷಗಳಿಂದ ಈ ಚುಕ್ಕೆಯ ಮೇಲೆ ಕಣ್ಣಿಟ್ಟವರು. ಎಫೆಲ್ಸ್‌ಬರ್ಗಿನ ನೂರು ಮೀಟರ್ ಅಗಲದ ರೇಡಿಯೊ ದೂರದರ್ಶಕವೂ ಸ್ವಿಫ್ಟ್ ಎಂಬ ಉಪಗ್ರಹವೂ ಅವರ ಸಾಧನಗಳು. ಅವರು ಕಾದು ನೋಡಿದರು. ಅಕ್ಟೋಬರ್ ಬಂದಿತು, ಹೋಯಿತು, ಭುಗಿಲು ಬರಲಿಲ್ಲ. 2023ರಲ್ಲಿ ಅವರು ಹಾಗೆಂದೇ ಪ್ರಕಟಿಸಿದರು. ಅಷ್ಟೇ ಅಲ್ಲ; ಅವರ ಲೆಕ್ಕದಂತೆ ನಡುವಿನ ದೈತ್ಯನ ತೂಕ 1800 ಕೋಟಿ ಸೂರ್ಯರದಲ್ಲ, ಸುಮಾರು 10 ಕೋಟಿಯದು. ಒಂದೇ ಆಸಾಮಿಯ ಖಾತೆಯಲ್ಲಿ ಇಬ್ಬರು ಲೆಕ್ಕಿಗರು ಒಬ್ಬರು 1800, ಇನ್ನೊಬ್ಬರು 10 ಬರೆದರೆ ನಮ್ಮ ಕಚೇರಿಯಲ್ಲಿ ಊಟದ ಬಿಡುವನ್ನು ರದ್ದು ಮಾಡುತ್ತಿದ್ದರು.

ವಾಲ್ಟೊನೆನ್ ತಂಡ ಸುಮ್ಮನಾಗಲಿಲ್ಲ. ಅವರು ಲೆಕ್ಕವನ್ನು ಪುನಃ ಪರಿಷ್ಕರಿಸಿ, ಆ ಭುಗಿಲು ನಿಜವಾಗಿ ಆಗಿರಬೇಕಾದದ್ದು ಜುಲೈ ಸುಮಾರಿಗೆ, ಎಂದರೆ ಸೂರ್ಯನು ಅಡ್ಡವಿದ್ದ ಕಾಲಕ್ಕೆ ಎಂದರು. ಸಣ್ಣ ಕಪ್ಪುಕುಳಿಯ ಬೇರೆ ಕುರುಹುಗಳು ಅದಕ್ಕೆ ಮುಂಚೆಯೇ ಕಂಡಿವೆ ಎಂಬುದೂ ಅವರ ವಾದ. ಭುಗಿಲು ಬಂದಿತ್ತೊ? ಬಂದಿದ್ದರೆ, ಈ ಸಲ ಸೂರ್ಯನ ಮರೆಯಿಂದ ಇಣುಕಿ ನೋಡಲು ಸ್ಪಿಟ್ಜರ್ ಇರಲಿಲ್ಲ.

ಓದುಗರಲ್ಲಿ ಕೆಲವರಿಗೆ ಇದು ನೆಪವೆನ್ನಿಸಬಹುದು. ಮದುವೆಗೆ ಬರುತ್ತೇನೆಂದು ಬಾರದವನು, "ಬಂದಿದ್ದೆ, ನೀವೇ ನೋಡಲಿಲ್ಲ" ಎಂದಂತೆ. ನನಗೂ ಮೊದಲು ನಗು ಬಂದಿತು. ಆದರೆ ನಗು ನಿಂತ ಮೇಲೆ ಉಳಿದ ಪ್ರಶ್ನೆ ನಾನು ಜೀವಮಾನವೆಲ್ಲ ಎದುರಿಸಿದ ಪ್ರಶ್ನೆಯೇ: ಈ ಅಂಕಣದಲ್ಲಿರುವುದು ಸೊನ್ನೆಯೋ, ಖಾಲಿಯೋ?

ತಂದೆಯವರ ಪುಸ್ತಕದಲ್ಲಿ ಒಂದು ವರ್ಷದ ಪುಷ್ಯದಲ್ಲಿ ಮೂರು ದಿನ ಏನನ್ನೂ ಬರೆದಿಲ್ಲ. ನಮ್ಮ ದೊಡ್ಡಪ್ಪ ತೀರಿಕೊಂಡು ಅವರು ಊರಿನಲ್ಲಿರಲಿಲ್ಲ. ಹಿಂದಿರುಗಿದಾಗ ನೆರೆಮನೆಯವರು, "ದಿನಕ್ಕೆ ನಾಲ್ಕು ಇಂಚಾದರೂ ಸುರಿದಿದೆ ಮೇಷ್ಟ್ರೆ, ಅಂದಾಜು ಹಾಕಿಬಿಡಿ" ಎಂದರು. ತಂದೆಯವರು ಒಪ್ಪಲಿಲ್ಲ. "ಸೊನ್ನೆ ಅಂದರೆ ನೋಡಿದೆ, ಇರಲಿಲ್ಲ ಅಂತ. ಖಾಲಿ ಅಂದರೆ ನಾನು ನೋಡಲಿಲ್ಲ ಅಂತ. ನಾನು ನೋಡದೆ ಇದ್ದದ್ದನ್ನ ಮಳೆಯ ಲೆಕ್ಕಕ್ಕೆ ಹೇಗೆ ಸೇರಿಸಲಿ?" ಮೊನ್ನೆ ಮೊನ್ನೆ ತಂಗಿಯ ಮಗಳು ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದಳು. ಸರಾಸರಿ ತೆಗೆಯುವಾಗ ಯಂತ್ರ ಆ ಮೂರು ಖಾಲಿ ಮನೆಗಳನ್ನು ಸೊನ್ನೆಯೆಂದೇ ಎಣಿಸಿತ್ತಂತೆ. ಹುಡುಗಿ ಅದನ್ನು ಕಂಡುಹಿಡಿದು ಸರಿಪಡಿಸಿ, "ಅಜ್ಜ ಮೂರು ದಿನ ರಜಾ ಹಾಕಿದ್ದಾರೆ ಮಾವ" ಎಂದಳು.

2022ರ ಜಗಳದ ತಿರುಳೂ ಇಷ್ಟೇ. ಅಕ್ಟೋಬರದಲ್ಲಿ ಬಿದ್ದಿರುವುದು ಸೊನ್ನೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ, ಏಕೆಂದರೆ ನೋಡಿದವರಿದ್ದಾರೆ. ಪುಷ್ಯ ಆಶ್ಲೇಷಗಳ ಕಾಲದ್ದು ಖಾಲಿ. ಅಲ್ಲಿ ಭುಗಿಲನ್ನು ಬರೆಯುವ ಹಕ್ಕು ಹೇಗೆ ಒಬ್ಬರಿಗಿಲ್ಲವೋ ಸೊನ್ನೆಯನ್ನು ಬರೆಯುವ ಹಕ್ಕೂ ಹಾಗೆಯೇ ಇನ್ನೊಬ್ಬರಿಗಿಲ್ಲ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು, ಇರುವ ಅಂಕಿಗಳಿಂದ ಮುಂದಕ್ಕೆ ನಡೆಯಬೇಕು. ಹೊರಗಿನಿಂದ ನೋಡುವವರಿಗೆ ಇದು ವಿಜ್ಞಾನಿಗಳ ಕಿತ್ತಾಟ. ನನ್ನಂಥವನಿಗೆ ಇದು ಭರವಸೆ. ದಿನಾಂಕ ಹೇಳದ ಜ್ಯೋತಿಷಿ ಎಂದೂ ಸೋಲುವುದಿಲ್ಲ. "ಒಳ್ಳೆಯ ಕಾಲ ಬರುತ್ತದೆ" ಎಂದರೆ ಸಾಕು, ಯಾವ ದಿನವಾದರೂ ಅದಕ್ಕೆ ಹೊಂದಿಕೊಳ್ಳುತ್ತದೆ. ಇವರು ತಿಂಗಳು, ತಾರೀಖು ಕೊಟ್ಟರು. ಕೊಟ್ಟದ್ದರಿಂದಲೇ 2007ರಲ್ಲೂ 2019ರಲ್ಲೂ ಗೆದ್ದರು. ಕೊಟ್ಟದ್ದರಿಂದಲೇ 2022ರ ಅಕ್ಟೋಬರ್ ಅವರನ್ನು ಕಟಕಟೆಗೆ ಎಳೆಯಿತು.

ಜೋಡಿಯಿರುವುದು ನಿಜವಾದರೂ ಅದರ ತೂಕವೆಷ್ಟೆಂಬುದು ಇನ್ನೂ ಇತ್ಯರ್ಥವಾಗಬೇಕು. ಹನ್ನೆರಡು ವರ್ಷದ ತಾಳ ನಿಜವಾದರೆ ಮುಂದಿನ ಸುತ್ತು 2030ರ ದಶಕದ್ದು. ವಿಶ್ವ ಹಿಗ್ಗುತ್ತಿರುವುದರಿಂದ ನಮ್ಮ ಹನ್ನೆರಡು ವರ್ಷ ಅಲ್ಲಿನ ಗಡಿಯಾರಕ್ಕೆ ಒಂಬತ್ತೇ ವರ್ಷವೆಂದು ಹುಡುಗಿ ಹೇಳುತ್ತಾಳೆ. ನನ್ನ ವಯಸ್ಸಿಗೆ ಒಂಬತ್ತಾದರೇನು, ಹನ್ನೆರಡಾದರೇನು, ಸಾಲ ಕೊಡುವವರು ಯೋಚಿಸುವಷ್ಟೇ ದೀರ್ಘಾವಧಿ. ಆದರೆ ಗಾಜಿನ ಫಲಕಗಳನ್ನು ತೊಳೆದು ಒಣಗಿಸಿ ಪೆಟ್ಟಿಗೆಯಲ್ಲಿಟ್ಟವರೂ ತಮ್ಮ ಬೆಳಕಿನ ಅರ್ಥ ತಿಳಿಯುವವರೆಗೆ ಬದುಕಿರಲಿಲ್ಲ. ಅದರಿಂದ ಅವರ ಕೆಲಸಕ್ಕೆ ಊನವಾಗಲಿಲ್ಲ. ಭುಗಿಲು ಬಂದರೆ ಬಂದಿತೆಂದು, ಬಾರದಿದ್ದರೆ ಬರಲಿಲ್ಲವೆಂದು, ಮರೆಯಾಗಿದ್ದರೆ ಕಾಣಲಿಲ್ಲವೆಂದು ಬರೆಯುವ ಕೈಯೊಂದು ಆಗಲೂ ಎಲ್ಲಿಯಾದರೂ ಇದ್ದೇ ಇರುತ್ತದೆ. ಅಂಕಣಕ್ಕೆ ಗೆರೆ ಎಳೆದಾಗಿದೆ; ಅಂಕಿ ಬೀಳುವುದು ಮಾತ್ರ ಬಾಕಿ.